ನಿಮ್ಮ ಆಲೆಮನೆಯ ಒಲೆಗೆ ರಚ್ಚು ಸಾಲುತ್ತಿದೆಯೇ?

ಮಾಗಿಯ ರಾತ್ರಿಯಲ್ಲಿ ಮಂಡ್ಯದಿಂದ ಪಾಂಡವಪುರದ ಕಡೆಗೆ ಹೋಗುವಾಗ ಗದ್ದೆ ಬಯಲಿನ ನಡುವೆ ಅಲ್ಲಲ್ಲಿ ಆಲೆಮನೆಗಳ ಹೊಗೆಗೂಡುಗಳು ಕಾಣುತ್ತವೆ. ಕೆಲವು ಹೊಗೆಗೂಡುಗಳ ತುದಿಯಲ್ಲಿ ಒಂದು ಮೊಳ ಉದ್ದದ ಜ್ವಾಲೆ ಆಡುತ್ತಿರುತ್ತದೆ. ಒಮ್ಮೆ ಅಂಥ ಒಂದು ಆಲೆಮನೆಗೆ ಹೋದಾಗ ಅದರ ಯಜಮಾನರು ಆ ಜ್ವಾಲೆಯನ್ನು ತೋರಿಸಿ, "ನೋಡಿ ಸ್ವಾಮಿ, ನಮ್ಮ ಒಲೆ ಎಷ್ಟು ಜೋರಾಗಿ ಉರೀತದೆ!" ಎಂದು ಹೆಮ್ಮೆಯಿಂದ ಹೇಳಿದರು. ಆಲೆಮನೆಯ ಹಿಂದೆ ಒಂದು ಲೋಡು ಜಾಲಿ ಸೌದೆಯೂ ಅದರ ಪಕ್ಕದಲ್ಲಿ ಹಳೆಯ ಟೈರುಗಳ ರಾಶಿಯೂ ಇದ್ದವು. ಕಬ್ಬಿನ ರಚ್ಚು ಸಾಲದೆ ಅವನ್ನು ಹಣ ಕೊಟ್ಟು ತರಿಸಿದ್ದರು.

ಆ ಜ್ವಾಲೆಗೂ ಈ ಸೌದೆಗೂ ನೇರ ಸಂಬಂಧವಿದೆ. ಕೊಪ್ಪರಿಗೆಯ ತಳದಲ್ಲಿ ಉರಿಯಬೇಕಾದದ್ದು ಹೊಗೆಗೂಡಿನ ತುದಿಯಲ್ಲಿ ಉರಿಯುತ್ತಿದ್ದರೆ ನಕ್ಷತ್ರಗಳಿಗೆ ಶಾಖ ಕೊಟ್ಟಂತಾಯಿತೇ ಹೊರತು ರಸಕ್ಕಲ್ಲ. ಗಾಣದಿಂದ ಬಂದ ರಚ್ಚಿನಲ್ಲಿಯೇ ಆ ಕಬ್ಬಿನ ಬೆಲ್ಲ ಕಾಯಿಸಿ ಮುಗಿಸಬೇಕು; ಕೈಯಿಂದ ಸೌದೆ ಹಾಕುವ ಪ್ರಮೇಯ ಬರಬಾರದು. ಬಂದರೆ ದೋಷ ಕಬ್ಬಿನದಲ್ಲ, ಒಲೆಯದು. ಇದನ್ನು ಲೆಕ್ಕದಿಂದಲೇ ತೋರಿಸಬಹುದು.

ಲೆಕ್ಕ ಹೀಗಿದೆ

ಒಂದು ಟನ್ ಕಬ್ಬನ್ನು ಮೂರು ಉರುಳೆಯ ಗಾಣದಲ್ಲಿ ಅರೆದರೆ ಸುಮಾರು 600 ಕಿ.ಗ್ರಾಂ. ರಸವೂ 400 ಕಿ.ಗ್ರಾಂ. ಹಸಿ ರಚ್ಚೂ ದೊರೆಯುತ್ತವೆ. ಹಸಿ ರಚ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದಾಗ ಅದು 200 ಕಿ.ಗ್ರಾಂ.ಗೆ ಇಳಿಯುತ್ತದೆ. 600 ಕಿ.ಗ್ರಾಂ. ರಸದಿಂದ ಸುಮಾರು 105 ಕಿ.ಗ್ರಾಂ. ಬೆಲ್ಲ ಬರುತ್ತದೆ ಎಂದಿಟ್ಟುಕೊಳ್ಳಿ. ಮಡ್ಡಿಯನ್ನು ಬಿಟ್ಟರೆ ಉಳಿದ 490 ಕಿ.ಗ್ರಾಂ. ನೀರು, ಅದನ್ನು ಆವಿ ಮಾಡಿ ಹೊರಕ್ಕೆ ಕಳಿಸುವುದೇ ಒಲೆಯ ಕೆಲಸ.

ಒಂದು ಕಿ.ಗ್ರಾಂ. ನೀರು ಕುದಿಯುವ ಹಂತದಲ್ಲಿ ಆವಿಯಾಗಲು 540 ಕಿಲೋಕ್ಯಾಲರಿ ಶಾಖ ಬೇಕು. ರಸವನ್ನು ಮೊದಲು ಕುದಿಯುವ ಮಟ್ಟಕ್ಕೆ ಕಾಯಿಸುವುದೂ ಸೇರಿದರೆ ಒಟ್ಟು ಸುಮಾರು 3 ಲಕ್ಷ ಕಿಲೋಕ್ಯಾಲರಿ ಬೇಕಾಗುತ್ತದೆ. ಒಣಗಿದ ರಚ್ಚು ಕಿಲೋ ಒಂದಕ್ಕೆ ಸುಮಾರು 3,500 ಕಿಲೋಕ್ಯಾಲರಿ ಕೊಡುತ್ತದೆ. 200 ಕಿಲೋ ರಚ್ಚಿನಲ್ಲಿ 7 ಲಕ್ಷ ಕಿಲೋಕ್ಯಾಲರಿ ಇದೆ. ಬೇಕಾದದ್ದು ಮೂರು, ಇರುವುದು ಏಳು! ನಿಮ್ಮ ಒಲೆ ಅರ್ಧಕ್ಕಿಂತ ಹೆಚ್ಚು ಶಾಖವನ್ನು ಪೋಲು ಮಾಡಿದರೂ ರಚ್ಚು ಸಾಲುತ್ತದೆ. ಹೀಗಿದ್ದೂ ಸಾಲುತ್ತಿಲ್ಲವೆಂದರೆ ಅದು ಇನ್ನೂ ಹೆಚ್ಚನ್ನು ಪೋಲು ಮಾಡುತ್ತಿದೆ ಎಂದೇ ಅರ್ಥ.

ಇದನ್ನು ನೀವೇ ಅಳೆಯಬಹುದು. ಒಂದು ತೂಕದ ಯಂತ್ರ ಸಾಕು. ಒಲೆ ಚೆನ್ನಾಗಿ ಕಾದ ಮೇಲೆ, ಅಂದರೆ ದಿನದ ಎರಡನೆಯ ಕೊಪ್ಪರಿಗೆಯಿಂದ ಪ್ರಾರಂಭಿಸಿ ಮೂರು ಕೊಪ್ಪರಿಗೆಗಳಿಗೆ ಹಾಕುವ ಒಣ ರಚ್ಚನ್ನು ಹೊರೆ ಕಟ್ಟಿ ತೂಗಿರಿ. ಇಳಿದ ಬೆಲ್ಲವನ್ನೂ ತೂಗಿರಿ. ರಚ್ಚಿನ ತೂಕವನ್ನು ಬೆಲ್ಲದ ತೂಕದಿಂದ ಭಾಗಿಸಿರಿ. ಒಂದು ಕಿಲೋ ಬೆಲ್ಲಕ್ಕೆ 1.9 ಕಿಲೋ ರಚ್ಚು ಬಂದರೆ ಜಮಾ ಖರ್ಚು ಸರಿಸಮ. ಅದಕ್ಕಿಂತ ಕಡಿಮೆಯಾದರೆ ರಚ್ಚು ಮಿಗುತ್ತದೆ. 2.5 ಕಿಲೋ ದಾಟಿದರೆ ಒಲೆಗೆ ಕೈ ಹಾಕಲೇಬೇಕು.

ಈ ಅಂಕಿಗೆ ಹಣದ ಬೆಲೆ ಎಷ್ಟು? ಎಕರೆಗೆ 40 ಟನ್ ಕಬ್ಬು ಬೆಳೆದವರಿಗೆ ಸುಮಾರು 4 ಟನ್ ಬೆಲ್ಲ ಬರುತ್ತದೆ. 2.6ರ ಒಲೆಯನ್ನು 1.9ಕ್ಕೆ ತಂದರೆ ಎಕರೆಗೆ 2,800 ಕಿಲೋ ಒಣ ರಚ್ಚು ಉಳಿಯಿತು. ಅಷ್ಟು ಸೌದೆಗೆ ನಿಮ್ಮೂರಿನಲ್ಲಿ ಏನು ಬೆಲೆಯೋ ನೀವೇ ಲೆಕ್ಕ ಹಾಕಿರಿ. ಬಾಡಿಗೆ ಆಲೆಮನೆಯಲ್ಲಿ ಕಬ್ಬು ಅರೆಸುವವರೂ ಈ ಅಂಕಿಯನ್ನು ಕೇಳಿ ತಿಳಿಯುವುದು ಒಳ್ಳೆಯದು.

ನಾನು ಬೇಸಾಯಶಾಸ್ತ್ರದವನಾದ್ದರಿಂದ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರಚ್ಚು ಸಾಲದಾಗ ಮೊದಲು ಒಲೆಗೆ ಬೀಳುವುದು ಕಬ್ಬಿನ ತರಗು. ಎಕರೆಗೆ ಮೂರು ನಾಲ್ಕು ಟನ್ ತರಗು ಸಿಗುತ್ತದೆ. ಕೂಳೆ ಬೆಳೆಯ ಸಾಲುಗಳ ನಡುವೆ ಹೊದಿಕೆಯಾಗಿ ಹರಡಿದರೆ ತೇವ ಉಳಿಸಿ, ಕಳೆ ತಡೆದು, ಕೊಳೆತು ಗೊಬ್ಬರವಾಗಬೇಕಾದ ಸಾಮಗ್ರಿ ಅದು. ಕೆಟ್ಟ ಒಲೆಯು ಹೊಲದ ಮಣ್ಣನ್ನೂ ತಿನ್ನುತ್ತದೆ.

ನಿಧಾನದ ಒಲೆ, ಕಪ್ಪು ಬೆಲ್ಲ

ಉರುವಲು ಒಂದೇ ನಷ್ಟವಲ್ಲ. ಕಬ್ಬಿನ ರಸ ಸ್ವಭಾವತಃ ಹುಳಿ. ಹುಳಿ ರಸ ಬಹಳ ಹೊತ್ತು ಬಿಸಿಯಲ್ಲಿ ನಿಂತರೆ ಅದರ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದ ಬೆಲ್ಲ ಗಟ್ಟಿಯಾಗಿ ಅಚ್ಚು ಕೂರುವುದಿಲ್ಲ, ಮಳೆಗಾಲದಲ್ಲಿ ಬೆವರುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಎರಡೂವರೆ ಗಂಟೆಯಲ್ಲಿ ಇಳಿಯಬೇಕಾದ ಕೊಪ್ಪರಿಗೆ ನಾಲ್ಕು ಗಂಟೆ ಎಳೆದರೆ ಕೋ 62175 ಆಗಲಿ ಕೋ 86032 ಆಗಲಿ, ಯಾವ ತಳಿಯ ಒಳ್ಳೆಯ ರಸವೂ ಒಳ್ಳೆಯ ಬೆಲ್ಲವಾಗಲಾರದು.

ಬಣ್ಣ ಕೆಟ್ಟ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲವೆಂದು ಮಾಡುವವರು ಹೈಡ್ರೋಸ್ ಡಬ್ಬಕ್ಕೆ ಕೈ ಹಾಕುತ್ತಾರೆ. ಅದು ಕೊಡುವ ಹಳದಿ ಬಣ್ಣ ಕೆಲವೇ ವಾರ ನಿಲ್ಲುತ್ತದೆ. ಗಂಧಕದ ಅಂಶ ಮಾತ್ರ ಬೆಲ್ಲದಲ್ಲಿ ಉಳಿಯುತ್ತದೆ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ದಶಲಕ್ಷಕ್ಕೆ 70 ಭಾಗವನ್ನು ಮೀರಕೂಡದು. ಹೈಡ್ರೋಸ್ ಬೇಡವೆಂದು ರೈತರಿಗೆ ಹೇಳುವ ನಾವು ಅನೇಕ ವೇಳೆ ಒಲೆಯ ವಿಷಯವನ್ನು ಹೇಳುವುದೇ ಇಲ್ಲ. ಬೆಂಡೆ ಗಿಡದ ಲೋಳೆ, ಹದವರಿತ ಸುಣ್ಣದ ತಿಳಿ, ಚುರುಕಾದ ಉರಿ ಈ ಮೂರೂ ಇದ್ದಲ್ಲಿ ಹೈಡ್ರೋಸ್‌ನ ಹಂಗು ಬಹುಮಟ್ಟಿಗೆ ತಪ್ಪುತ್ತದೆ.

ಟೈರು ಮತ್ತು ಪ್ಲಾಸ್ಟಿಕ್ ಸುಡುವವರಿಗೆ ಒಂದೇ ಮಾತು: ಖಂಡಿತ ಬೇಡ. ಅದರ ಹೊಗೆ ಉರಿ ಹಾಕುವವನ ಎದೆಗೂ ಊರಿನ ಗಾಳಿಗೂ ವಿಷ. ಅದರ ಮಸಿ ತೆರೆದ ಕೊಪ್ಪರಿಗೆಯ ರಸದ ಮೇಲೂ ಕೂರುತ್ತದೆ. ಟೈರಿನೊಳಗಿನ ಉಕ್ಕಿನ ತಂತಿ ಒಲೆಯ ಜಾಲರಿಗೆ ಸುತ್ತಿಕೊಂಡು ಗಾಳಿಯ ದಾರಿಯನ್ನು ಮುಚ್ಚುವುದರಿಂದ ನಾಳೆ ಇನ್ನೂ ಹೆಚ್ಚು ಟೈರು ಬೇಕಾಗುತ್ತದೆ.

ಶಾಖ ಎಲ್ಲಿಗೆ ಹೋಗುತ್ತದೆ?

ಹೆಚ್ಚಿನ ಪಾಲು ಹೊಗೆಗೂಡಿನ ಮೂಲಕವೇ ಹೋಗುತ್ತದೆ. ಒಂದು ಕಿಲೋ ಒಣ ರಚ್ಚು ಪೂರ್ತಿಯಾಗಿ ಉರಿಯಲು 4ರಿಂದ 5 ಘನ ಮೀಟರ್ ಗಾಳಿ ಬೇಕು. ಗಾಳಿ ಕಡಿಮೆಯಾದರೆ ರಚ್ಚಿನಿಂದ ಹೊರಟ ಅನಿಲ ಉರಿಯದೆ ಮೇಲಕ್ಕೆ ಹೋಗಿ, ತುದಿಯಲ್ಲಿ ಹೊರಗಿನ ಗಾಳಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ನಮ್ಮ ಯಜಮಾನರು ತೋರಿಸಿದ ಜ್ವಾಲೆ ಇದೇ. ಗಾಳಿ ತೀರಾ ಹೆಚ್ಚಾದರೆ ಇನ್ನೊಂದು ತೊಂದರೆ: ಬೇಡದ ಗಾಳಿಯೆಲ್ಲ ಕಾದು, ಆ ಶಾಖವನ್ನು ಹೊತ್ತುಕೊಂಡು ಹೊರಟುಹೋಗುತ್ತದೆ. ಆಗ ಹೊಗೆ ಕಾಣಿಸುವುದಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದು ಮೋಸ ಹೋಗುತ್ತೇವೆ. ಒಲೆಬಾಯಿಯನ್ನು ಹಾರು ಬಿಟ್ಟು ಕುಳಿತಿರುವ ಆಲೆಮನೆಗಳಲ್ಲಿ ಇದೇ ಆಗುವುದು.

ಉಳಿದ ನಷ್ಟಗಳು ಚಿಕ್ಕವು, ಆದರೆ ಕೂಡಿದರೆ ದೊಡ್ಡವು. ಜಾಲರಿಯಿಲ್ಲದ ನೆಲದೊಲೆಯಲ್ಲಿ ಅರ್ಧ ಉರಿದ ಇದ್ದಿಲು ಬೂದಿಯೊಡನೆ ಹೊರಬೀಳುತ್ತದೆ. ತೆಳು ಗೋಡೆ ಕಾದು ಬಯಲಿಗೆ ಶಾಖ ಸೋರುತ್ತದೆ. ಕೊಪ್ಪರಿಗೆಯ ಅಂಚು ಗೋಡೆಗೆ ಕೂರದ ಕಡೆ ಉರಿಯೇ ನೇರವಾಗಿ ಹೊರಬರುತ್ತದೆ. ಅಲ್ಲಿ ನಿಂತು ಮಡ್ಡಿ ತೆಗೆಯುವವರ ಕಾಲು ಸುಡುವುದೇ ಅದಕ್ಕೆ ಸಾಕ್ಷಿ.

ಹಸಿ ರಚ್ಚಿನ ವಿಷಯವಾಗಿ ಒಂದು ತಪ್ಪು ತಿಳಿವಳಿಕೆ ಇದೆ. ಅದರೊಳಗಿನ ನೀರನ್ನು ಆವಿ ಮಾಡಲು ತಗಲುವ ಶಾಖ ನಾವು ತಿಳಿದಷ್ಟು ದೊಡ್ಡದಲ್ಲ. ನೂರಕ್ಕೆ ಹದಿನೈದು ಹದಿನೆಂಟು ಭಾಗ ಇರಬಹುದು. ನಿಜವಾದ ನಷ್ಟ ಬೇರೆ. ಹಸಿ ರಚ್ಚು ಬಿದ್ದೊಡನೆ ಉರಿ ಮಂಕಾಗುತ್ತದೆ, ಹೊಗೆ ಉರಿಯದೆ ಹೊರಡುತ್ತದೆ, ಕೊಪ್ಪರಿಗೆಯ ತಳಕ್ಕೆ ಮಸಿ ಹಿಡಿಯುತ್ತದೆ, ಕುದಿ ನಿಲ್ಲುತ್ತದೆ. ಆದ್ದರಿಂದ ಒಂದು ಹಿಡಿ ರಚ್ಚನ್ನು ಬಗ್ಗಿಸಿದಾಗ ಪಟಪಟನೆ ಮುರಿಯಬೇಕು. ಬಗ್ಗಿ ಮಡಿಚಿಕೊಂಡರೆ ಇನ್ನೊಂದು ದಿನ ಬಿಸಿಲು ಬೇಕು. ಮೋಡ ಕವಿದ ದಿನಗಳಿಗಾಗಿ ಮೂರು ನಾಲ್ಕು ದಿನಕ್ಕಾಗುವಷ್ಟು ಒಣ ರಚ್ಚನ್ನು ಸೂರಿನಡಿ, ಒಲೆಬಾಯಿಯಿಂದ ದೂರದಲ್ಲಿ ಕೂಡಿಟ್ಟುಕೊಳ್ಳಬೇಕು. ತೆಂಗಿನ ಗರಿಯ ಮಾಡಿನ ಆಲೆಮನೆಗಳು ಒಂದು ಕಿಡಿಗೆ ಹೊತ್ತಿ ಹೋಗುವುದನ್ನು ಎಲ್ಲರೂ ಕಂಡಿದ್ದೀರಿ.

ಎಂಥ ಒಲೆ ಕಟ್ಟಬೇಕು?

ಮೊದಲ ಪ್ರಶ್ನೆ ಒಂದು ಕೊಪ್ಪರಿಗೆಯೋ ಎರಡೋ ಎಂಬುದು. ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಬಿಸಿ ಹೊಗೆ ಅದರ ತಳ ಸವರಿ ನೇರ ಹೊಗೆಗೂಡಿಗೆ ಹೋಗುತ್ತದೆ. ಎರಡು ಅಥವಾ ಮೂರು ಕೊಪ್ಪರಿಗೆಯ ಒಲೆಯಲ್ಲಿ ಅದೇ ಹೊಗೆ ಹಿಂದಿನ ಕೊಪ್ಪರಿಗೆಗಳ ತಳದಲ್ಲಿ ಹಾಯ್ದು, ಮುಂದಿನ ಬಾರಿಯ ರಸವನ್ನು ಬಿಸಿ ಮಾಡಿಟ್ಟಿರುತ್ತದೆ. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯವರು ಸುಧಾರಿಸಿದ ಮೂರು ಕೊಪ್ಪರಿಗೆಯ ಒಲೆ ಈ ತತ್ತ್ವದ್ದೇ. ಶಾಖದ ದೃಷ್ಟಿಯಿಂದ ಇದು ಉತ್ತಮ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಎಲ್ಲರಿಗೂ ಅದನ್ನೇ ಕಟ್ಟಿರೆಂದು ನಾನು ಹೇಳಲಾರೆ. ಹಿಂದಿನ ಕೊಪ್ಪರಿಗೆಯ ರಸ ಬಿಸಿಯಾಗಿದ್ದರೆ ಒಳ್ಳೆಯದು. ಬರೀ ಉಗುರು ಬೆಚ್ಚಗಾಗಿ ಗಂಟೆಗಟ್ಟಲೆ ಕುಳಿತರೆ ಹುಳಿತು ಹೋಗುತ್ತದೆ. ಆದ್ದರಿಂದ ಎರಡು ಕೊಪ್ಪರಿಗೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಎಡೆಬಿಡದೆ ಅರೆಯುವವರಿಗೆ, ಹಂಗಾಮಿನಲ್ಲಿ ಮೂರು ನಾಲ್ಕು ತಿಂಗಳು ಗಾಣ ಆಡಿಸುವವರಿಗೆ ಸರಿ. ಎರಡು ಎಕರೆ ಕಬ್ಬಿಟ್ಟುಕೊಂಡು, ವಿದ್ಯುತ್ ಬಂದಾಗ ಅರೆದು ಹೋದಾಗ ನಿಲ್ಲಿಸುವವರಿಗೆ ಒಂದೇ ಕೊಪ್ಪರಿಗೆಯ ಒಲೆಯನ್ನು ಚೆನ್ನಾಗಿ ಕಟ್ಟಿಕೊಳ್ಳುವುದು ಮೇಲು. ಕೊಪ್ಪರಿಗೆಯ ತಳಕ್ಕೆ ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಬೆಸೆಸಿ ಉರಿ ತಾಗುವ ಮೈಯನ್ನು ಹೆಚ್ಚಿಸುವ ಪದ್ಧತಿಯೂ ಬಂದಿದೆ. ಅದು ಒಂದು ಕೊಪ್ಪರಿಗೆಯವರಿಗೂ ಉಪಯೋಗ. ಪಟ್ಟಿಗಳ ನಡುವಿನ ಮಸಿಯನ್ನು ಆಗಾಗ ಕೆರೆಯುವ ಶ್ರದ್ಧೆ ಮಾತ್ರ ಇರಬೇಕು.

ಜಾಗ ಆರಿಸುವುದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಬ್ಬ ರೈತರಿಗೆ, ಗಾಳಿ ಚೆನ್ನಾಗಿ ಬರಲೆಂದು ಬೂದಿಗುಂಡಿಯನ್ನು ಒಂದೂವರೆ ಅಡಿ ಹೆಚ್ಚು ಆಳ ತೋಡಿಸಿದೆ. ಬೇಸಿಗೆಯಲ್ಲಿ ಕಟ್ಟಿದ ಒಲೆ ಸೊಗಸಾಗಿ ಉರಿಯಿತು. ನಾಲೆಗೆ ನೀರು ಬಿಟ್ಟ ಹದಿನೈದು ದಿನಕ್ಕೆ ಗುಂಡಿಯಲ್ಲಿ ಗೇಣುದ್ದ ನೀರು ನಿಂತಿತು! ಆ ವರ್ಷವೆಲ್ಲ ಒಲೆಯ ಅರ್ಧ ಶಾಖ ನೆಲದ ತೇವ ಒಣಗಿಸುವುದಕ್ಕೇ ಹೋಯಿತು. ಆ ರೈತರು ಸಂಕೋಚದಿಂದ ಏನೂ ಅನ್ನಲಿಲ್ಲ. ಮರುವರ್ಷ ನೆಲಮಟ್ಟದಿಂದ ಮೇಲೆ ದಿಣ್ಣೆ ಹಾಕಿ ತಾವೇ ಕಟ್ಟಿಕೊಂಡರು. ಆದ್ದರಿಂದ ನಾಲೆ ಬಯಲಿನವರು ಒಲೆಯ ಜಾಗದಲ್ಲಿ ಮೊದಲು ಒಂದು ಗುಂಡಿ ತೆಗೆದು, ನಾಲೆ ಹರಿಯುವ ದಿನಗಳಲ್ಲಿ ಅದರಲ್ಲಿ ಎಷ್ಟು ಆಳಕ್ಕೆ ನೀರು ಬರುತ್ತದೆ ಎಂದು ನೋಡಿಕೊಳ್ಳಬೇಕು. ಬೂದಿಗುಂಡಿಯ ತಳ ಆ ನೀರಿನ ಮಟ್ಟಕ್ಕಿಂತ ಎರಡು ಅಡಿಯಾದರೂ ಮೇಲಿರಲಿ. ಅಗತ್ಯವಿದ್ದರೆ ಇಡೀ ಒಲೆಯನ್ನೇ ಎತ್ತರಿಸಿ, ರಸ ಸುರಿಯಲು ಕಟ್ಟೆ ಕಟ್ಟಿಕೊಳ್ಳಿರಿ.

ಕಟ್ಟುವಾಗ ಉರಿ ನೇರವಾಗಿ ಬಡಿಯುವ ಭಾಗಕ್ಕೆ ಸಿಮೆಂಟು ಗಾರೆ ಬಳಸಬಾರದು; ಶಾಖಕ್ಕೆ ಅದು ಬಿರಿದು ಉದುರುತ್ತದೆ. ಒಳ್ಳೆಯ ಜೇಡಿಮಣ್ಣು, ಮರಳು ಸೇರಿಸಿ ಕಲಸಿ ಕೊಳೆಹಾಕಿದ ಮಣ್ಣಿನ ಗಾರೆಯೇ ಸರಿ. ಅನುಕೂಲವಿದ್ದವರು ಒಲೆಬಾಯಿಯ ಸುತ್ತ ಮತ್ತು ಉರಿಯ ಕೋಣೆಗೆ ಬೆಂಕಿ ಇಟ್ಟಿಗೆ ಹಾಕಿಸಲಿ. ಹೊರಗೋಡೆ ದಪ್ಪವಿದ್ದಷ್ಟೂ ಶಾಖ ಒಳಗೆ ನಿಲ್ಲುತ್ತದೆ.

ಜಾಲರಿ ಎರಕದ ಕಬ್ಬಿಣದ್ದಾಗಿರಲಿ. ಸಾಧಾರಣ ಸರಳುಗಳು ಒಂದೇ ಹಂಗಾಮಿನಲ್ಲಿ ಬಗ್ಗಿಹೋಗುತ್ತವೆ. ಸರಳುಗಳ ನಡುವೆ ಕಿರುಬೆರಳು ಹೋಗುವಷ್ಟು ಸಂದು ಸಾಕು. ಹೆಚ್ಚು ಬಿಟ್ಟರೆ ಕೆಂಡ ಕೆಳಕ್ಕೆ ಬೀಳುತ್ತದೆ, ಕಡಿಮೆ ಮಾಡಿದರೆ ಬೂದಿ ಕಟ್ಟಿಕೊಳ್ಳುತ್ತದೆ. ಜಾಲರಿಯಿಂದ ಕೊಪ್ಪರಿಗೆಯ ತಳಕ್ಕೆ ಇರುವ ಅಂತರವೂ ಮುಖ್ಯ. ತೀರಾ ಹತ್ತಿರವಾದರೆ ಜ್ವಾಲೆ ತಣ್ಣನೆಯ ತಳಕ್ಕೆ ಬಡಿದು ಪೂರ್ತಿ ಉರಿಯುವ ಮೊದಲೇ ಆರಿ ಮಸಿಯಾಗುತ್ತದೆ; ದೂರವಾದರೆ ಗೋಡೆ ಕಾಯುತ್ತದೆ, ರಸ ಕಾಯುವುದಿಲ್ಲ. ಜ್ವಾಲೆಯ ತುದಿ ತಳವನ್ನು ನೆಕ್ಕಿ ಹಿಂದಕ್ಕೆ ಹರಡುವಂತಿರಬೇಕು. ಹಿಂದೆ ಹೊಗೆಗೂಡಿಗೆ ಹೋಗುವ ದಾರಿಯಲ್ಲಿ ಮೊಳಕಾಲೆತ್ತರದ ಒಂದು ಅಡ್ಡಗೋಡೆ ಕಟ್ಟಿದರೆ ಜ್ವಾಲೆ ನೇರವಾಗಿ ಓಡದೆ ಮೇಲೆದ್ದು ತಳಕ್ಕೆ ತಾಗಿ ಹೋಗುತ್ತದೆ. ಖರ್ಚು ಕಡಿಮೆ, ಲಾಭ ಹೆಚ್ಚು ಎನ್ನಬಹುದಾದ ಸುಧಾರಣೆ ಇದೊಂದೇ.

ಹೊಗೆಗೂಡು ಗಾಳಿಯನ್ನು ಎಳೆಯುವ ಬಲ ಎಷ್ಟೆಂದು ತಿಳಿದರೆ ಆಶ್ಚರ್ಯವಾಗಬಹುದು. 8 ಮೀಟರ್ ಎತ್ತರದ ಗೂಡಿನಲ್ಲಿ 300 ಡಿಗ್ರಿ ಸೆಂಟಿಗ್ರೇಡ್ ಹೊಗೆ ಹೋಗುತ್ತಿದ್ದರೆ ಆ ಎಳೆತ ಸುಮಾರು 4 ಮಿ.ಮೀ. ನೀರನ್ನು ಎತ್ತುವಷ್ಟು, ಅಷ್ಟೇ. ಇಷ್ಟು ಅಲ್ಪ ಬಲದಿಂದ ಇಡೀ ಒಲೆ ನಡೆಯಬೇಕು. ಗೂಡಿನ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟರೂ ಗಾಳಿ ಒಲೆಯ ಬದಲು ಅಲ್ಲಿಂದಲೇ ನುಗ್ಗುತ್ತದೆ. ಬಿರುಕು ಕಂಡ ದಿನವೇ ಮಣ್ಣು ಮೆತ್ತಬೇಕೆಂದು ಒತ್ತಿ ಹೇಳುವುದು ಇದಕ್ಕೇ. ಗೂಡಿನ ಬುಡದಲ್ಲಿ ಮುಂದಕ್ಕೂ ಹಿಂದಕ್ಕೂ ಜರುಗಿಸಬಹುದಾದ ಒಂದು ದಪ್ಪ ತಗಡನ್ನು ಕೂರಿಸಿಕೊಳ್ಳಿರಿ. ಎಳೆತ ಹೆಚ್ಚಿದಾಗ ತಗ್ಗಿಸಲು ಇದು ಬೇಕು.

ಉರಿ ಹಾಕುವ ಕ್ರಮ

ಒಳ್ಳೆಯ ಒಲೆಯನ್ನು ಕೆಟ್ಟ ಕೈ ಹಾಳುಮಾಡುತ್ತದೆ. ಉರಿ ಹಾಕುವ ಆಳಿನ ಕೂಲಿಯಲ್ಲಿ ಜಿಪುಣತನ ಮಾಡಿ ದಿನಕ್ಕೊಬ್ಬರನ್ನು ಕೂರಿಸುವ ಆಲೆಮನೆಗಳಲ್ಲಿ ರಚ್ಚು ಎಂದೂ ಸಾಲುವುದಿಲ್ಲ.

ರಚ್ಚನ್ನು ಒಂದೇ ಬಾರಿಗೆ ಹೊರೆಹೊರೆಯಾಗಿ ತುರುಕಬಾರದು. ತುರುಕಿದಾಗ ಮೊದಲು ಹೊಗೆ, ನಂತರ ಭುಗಿಲೆಂದು ಉರಿ, ಆಮೇಲೆ ಬರಿಯ ಗಾಳಿ ಹೀಗೆ ಮೂರು ಹಂತದಲ್ಲಿಯೂ ನಷ್ಟವೇ. ಹಿಡಿಹಿಡಿಯಾಗಿ, ಮತ್ತೆಮತ್ತೆ, ಜಾಲರಿಯ ಮೇಲೆ ತೆಳ್ಳಗೆ ಹರಡುವಂತೆ ಹಾಕಬೇಕು. ಎರಡು ಹಿಡಿಗಳ ನಡುವೆ ಒಲೆಬಾಯಿಗೆ ತಗಡಿನ ಬಾಗಿಲು ಮುಚ್ಚಿದ್ದರೆ ಗಾಳಿ ಬೂದಿಗುಂಡಿಯಿಂದ ಜಾಲರಿಯ ಮೂಲಕವೇ ಬರುತ್ತದೆ. ಅದೇ ಸರಿಯಾದ ದಾರಿ. ಪ್ರತಿ ಕೊಪ್ಪರಿಗೆ ಇಳಿದ ಮೇಲೆ ಬೂದಿ ಎಳೆಯಬೇಕು.

ಉರಿ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿರಬಾರದು. ರಸ ಹಾಕಿದ ಮೊದಲಲ್ಲಿ ಸಾಧಾರಣ ಉರಿ ಸಾಕು. 80ರಿಂದ 85 ಡಿಗ್ರಿ ಬರುವ ವೇಳೆಗೆ ಮಡ್ಡಿ ದಪ್ಪನಾದ ಹೊದಿಕೆಯಂತೆ ಮೇಲೆ ಕೂಡುತ್ತದೆ. ಆಗ ಜೋರು ಮಾಡಿ ಕುದಿಸಿಬಿಟ್ಟರೆ ಮಡ್ಡಿ ಒಡೆದು ರಸದಲ್ಲಿ ಬೆರೆಯುತ್ತದೆ, ಆಮೇಲೆ ಯಾವ ಉಪಾಯದಿಂದಲೂ ತೆಗೆಯಲಾಗದು. ಬೆಂಡೆ ಲೋಳೆ ಹಾಕಿ ಮಡ್ಡಿಯನ್ನು ಪೂರ್ತಿ ತೆಗೆದ ಮೇಲೆ ಉರಿಯನ್ನು ಏರಿಸಿ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ನೀರನ್ನು ಓಡಿಸಬೇಕು. ಒಲೆಯ ಯೋಗ್ಯತೆ ಗೊತ್ತಾಗುವುದು ಈ ಹಂತದಲ್ಲಿ. ಪಾಕ ಗಟ್ಟಿಯಾಗುತ್ತ 110 ಡಿಗ್ರಿ ದಾಟಿದ ಮೇಲೆ ಉರಿ ತಗ್ಗಿಸಬೇಕು, ಇಲ್ಲವಾದರೆ ತಳ ಹತ್ತುತ್ತದೆ. 116ರಿಂದ 118 ಡಿಗ್ರಿಗೆ ಅಚ್ಚಿನ ಬೆಲ್ಲದ ಹದ. ಅನುಭವಸ್ಥರು ಪಾಕವನ್ನು ನೀರಿಗೆ ಬಿಟ್ಟು ಉಂಡೆ ಮಾಡಿ ಹದ ನೋಡುತ್ತಾರೆ. ಅವರ ಕೈಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಒಂದು ಉಷ್ಣಮಾಪಕ ಇಟ್ಟುಕೊಂಡರೆ, ಅನುಭವಸ್ಥರು ಜ್ವರ ಬಂದು ಮಲಗಿದ ದಿನವೂ ಬೆಲ್ಲ ಕೆಡುವುದಿಲ್ಲ.

ಹದ ಬರುವ ಮುಂಚೆಯೇ ರಚ್ಚು ಹಾಕುವುದನ್ನು ನಿಲ್ಲಿಸಬೇಕೆಂಬುದನ್ನು ಮರೆಯಬೇಡಿ. ಕಾದ ಗೋಡೆಯ ಮತ್ತು ಕೆಂಡದ ಶಾಖವೇ ಕೊನೆಯ ಕೆಲವು ನಿಮಿಷ ನಡೆಸುತ್ತದೆ. ಬೆಲ್ಲ ಇಳಿಸಿದ ಕೂಡಲೇ ಮುಂದಿನ ರಸ ಸುರಿಯಬೇಕು. ಬರಿಯ ಕೊಪ್ಪರಿಗೆಯನ್ನು ಕಾದ ಒಲೆಯ ಮೇಲೆ ಐದು ನಿಮಿಷ ಬಿಟ್ಟರೂ ತಳ ಉಬ್ಬಿ ಡೊಂಕಾಗುತ್ತದೆ. ಡೊಂಕಾದ ತಳದ ತಗ್ಗಿನಲ್ಲಿ ಪಾಕ ನಿಂತು ಪ್ರತಿ ಬಾರಿಯೂ ಸೀಯುತ್ತದೆ.

ಒಲೆ ಮುನಿದಾಗ

ಒಲೆಬಾಯಿಯಿಂದ ಹೊಗೆ ಹಿಂದಕ್ಕೆ ಬಂದರೆ ಹೊಗೆಗೂಡು ಎಳೆಯುತ್ತಿಲ್ಲ ಎಂದು ಅರ್ಥ. ಬೆಳಗಿನ ಮೊದಲ ಅರ್ಧ ಗಂಟೆ ಹೀಗಾಗುವುದು ಸಹಜ, ಗೂಡು ತಣ್ಣಗಿರುತ್ತದೆ. ಅದರ ಬುಡದಲ್ಲಿ ಒಂದು ಹಿಡಿ ಒಣ ತರಗು ಹೊತ್ತಿಸಿದರೆ ಎಳೆತ ಹಿಡಿಯುತ್ತದೆ. ಗೂಡು ಕಾದ ಮೇಲೂ ಹೊಗೆ ಬರುತ್ತಿದ್ದರೆ ಬುಡದಲ್ಲಿ ಬೂದಿ ತುಂಬಿದೆಯೇ, ಬಿರುಕು ಇದೆಯೇ ನೋಡಿರಿ. ಬಿರುಕು ಹುಡುಕುವುದು ಸುಲಭ: ಹೊತ್ತಿದ ಊದಿನಕಡ್ಡಿಯನ್ನು ಗೋಡೆಯ ಉದ್ದಕ್ಕೂ ಹಿಡಿದು ನಡೆಯಿರಿ. ಎಲ್ಲಿ ಅದರ ಹೊಗೆ ಗೋಡೆಯೊಳಕ್ಕೆ ಎಳೆದುಕೊಳ್ಳುತ್ತದೆಯೋ ಅಲ್ಲಿ ಮಣ್ಣು ಮೆತ್ತಿರಿ.

ಗೂಡಿನ ತುದಿಯಲ್ಲಿ ಜ್ವಾಲೆ ಅಥವಾ ಕರಿಹೊಗೆ ಕಂಡರೆ ಮೂರರಲ್ಲಿ ಒಂದು ಕಾರಣ: ರಚ್ಚು ಹೆಚ್ಚು ಬೀಳುತ್ತಿದೆ, ಅಥವಾ ಹಸಿಯಿದೆ, ಅಥವಾ ಜಾಲರಿ ಕಟ್ಟಿಕೊಂಡಿದೆ. ಮೊದಲು ಜಾಲರಿಯನ್ನು ನೋಡಿರಿ. ಬೂದಿಗುಂಡಿಯ ಕಡೆಯಿಂದ ಬಗ್ಗಿ ನೋಡಿದಾಗ ಸಂದುಗಳಲ್ಲಿ ಕೆಂಪು ಬೆಳಕು ಸಮನಾಗಿ ಕಾಣಬೇಕು. ಕಪ್ಪು ಕಂಡ ಕಡೆ ಗಾಜಿನಂಥ ಗಟ್ಟಿ ಹೆಂಟೆ ಕೂತಿರುತ್ತದೆ. ಕಬ್ಬಿನ ಬೂದಿಯಲ್ಲಿರುವ ಮರಳಿನಂಶವೂ ಪೊಟ್ಯಾಷೂ ಬೆರೆತು ಕರಗಿ ಹೀಗಾಗುತ್ತದೆ. ಮಣ್ಣು ಮೆತ್ತಿದ ತರಗನ್ನು ಸುಡುವ ಒಲೆಗಳಲ್ಲಿ ಇದರ ಕಾಟ ಹೆಚ್ಚು. ಒಲೆ ಆರಿದಾಗ ಸಲಾಕಿಯಿಂದ ಮೀಟಿ ತೆಗೆಯಬೇಕು. ಕಾದ ಜಾಲರಿಗೆ ನೀರು ಎರಚಿದರೆ ಎರಕದ ಕಬ್ಬಿಣ ಸೀಳಿಹೋಗುತ್ತದೆ.

ಉರಿ ಚೆನ್ನಾಗಿದೆ, ಹೊಗೆಯೂ ಇಲ್ಲ, ಆದರೂ ಕುದಿ ನಿಧಾನ ಎಂಬ ದೂರು ಬಹಳ ಕೇಳಿಬರುತ್ತದೆ. ಇಲ್ಲಿ ಕಳ್ಳ ಕೊಪ್ಪರಿಗೆಯ ತಳದಲ್ಲಿದ್ದಾನೆ. ಹೊರಗೆ ಮಸಿ, ಒಳಗೆ ಸುಣ್ಣದ ಚಕ್ಕೆ ಎರಡೂ ಶಾಖಕ್ಕೆ ಕಂಬಳಿ ಹೊದಿಸಿದಂತೆ. ವಾರಕ್ಕೊಮ್ಮೆ ಕೊಪ್ಪರಿಗೆ ಎತ್ತಿಸಿ ಎರಡು ಕಡೆಯೂ ಕೆರೆದು ತೊಳೆಯಿರಿ. ನಾಲ್ಕು ಜನ ಸೇರಿ ಎತ್ತಬೇಕಾದ ಈ ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ. ರಚ್ಚಿನ ತೂಕ ಹಾಕಿ ನೋಡಿದವರು ಮಾತ್ರ ಮುಂದೂಡುವುದಿಲ್ಲ. ಮಸಿ ಇಲ್ಲದಿದ್ದರೂ ಕುದಿ ನಿಧಾನವಾದರೆ ಎಳೆತ ಹೆಚ್ಚಾಗಿರಬಹುದು. ತಗಡನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬಂದು, ಒಲೆಬಾಯಿಯಲ್ಲಿ ಹೊಗೆ ಇಣುಕುವ ಹಂತಕ್ಕಿಂತ ತುಸು ಹಿಂದಕ್ಕೆ ನಿಲ್ಲಿಸಿರಿ.

ರಸ ಒಂದೇ ಬದಿಯಲ್ಲಿ ಕುದಿದು ಇನ್ನೊಂದು ಬದಿ ಸುಮ್ಮನಿದ್ದರೆ ಅಡ್ಡಗೋಡೆ ಒಂದು ಕಡೆ ಕುಸಿದಿದೆ, ಇಲ್ಲವೆ ಕೊಪ್ಪರಿಗೆ ಓರೆಯಾಗಿ ಕೂತಿದೆ. ಸ್ವಲ್ಪ ನೀರು ಹಾಕಿ ನೋಡಿದರೆ ಓರೆ ತಾನೇ ತಿಳಿಯುತ್ತದೆ. ಹಂಗಾಮಿನ ಮೊದಲ ಒಂದೆರಡು ಕೊಪ್ಪರಿಗೆ ಬೆಲ್ಲ ಮಾತ್ರ ಕಪ್ಪಾಗಿ ಆಮೇಲೆ ಸರಿಹೋದರೆ ಅದು ಒಲೆಯ ತಪ್ಪಲ್ಲ, ಕೊಪ್ಪರಿಗೆಯ ತುಕ್ಕಿನದು. ಹುಳಿ ರಸ ಕಬ್ಬಿಣದ ತುಕ್ಕನ್ನು ಕರಗಿಸಿಕೊಂಡು ಬಣ್ಣ ಕೆಡಿಸುತ್ತದೆ.

ಹಂಗಾಮು ಮುಗಿದ ಮೇಲೆ

ಕೊನೆಯ ಕೊಪ್ಪರಿಗೆ ಇಳಿದ ದಿನ ಎಲ್ಲರೂ ದಣಿದಿರುತ್ತಾರೆ. ಒಲೆಯನ್ನು ಹಾಗೆಯೇ ಬಿಟ್ಟು ಹೋಗುವುದೇ ರೂಢಿ. ಎರಡು ದಿನ ಬಿಟ್ಟಾದರೂ ಬಂದು ಬೂದಿಯನ್ನೆಲ್ಲ ಬಳಿದು ತೆಗೆಯಿರಿ. ಬೂದಿ ಗಾಳಿಯ ತೇವವನ್ನು ಹೀರಿ ಜಾಲರಿಯನ್ನು ತಿನ್ನುತ್ತದೆ. ತೆಗೆದ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನು ತಿಪ್ಪೆಗೆ ಹಾಕುವ ಬದಲು ಕಬ್ಬಿನ ಗದ್ದೆಗೇ ತೆಳುವಾಗಿ ಎರಚಬಹುದು. ಟೈರು, ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಮಾತ್ರ ಹೊಲಕ್ಕೆ ಹಾಕಬೇಡಿ.

ಕೊಪ್ಪರಿಗೆಯನ್ನು ತೊಳೆದು ಒಣಗಿಸಿ, ಒಳಗೆ ತಿನ್ನುವ ಎಣ್ಣೆ ಸವರಿ ಸೂರಿನಡಿ ಬೋರಲು ಹಾಕಿರಿ. ಹೊಗೆಗೂಡಿನ ಬಾಯಿಗೆ ಒಂದು ತಗಡು ಮುಚ್ಚಿ ಕಲ್ಲಿಡಿರಿ; ಮಳೆ ನೀರು ಒಳಗಿಳಿದರೆ ಮಣ್ಣಿನ ಗಾರೆ ಕರಗಿ, ಮುಂದಿನ ವರ್ಷ ನೀವು ಹುಡುಕಬೇಕಾದ ಬಿರುಕುಗಳೆಲ್ಲ ಆಗಲೇ ಹುಟ್ಟುತ್ತವೆ. ಮುಂದಿನ ಹಂಗಾಮಿನಲ್ಲಿ ಒಲೆ ಹೊತ್ತಿಸುವ ಮೊದಲು ಆ ತಗಡನ್ನು ತೆಗೆಯಬೇಕೆಂದು ಯಾರಿಗಾದರೂ ಹೇಳಿಡಿ. ಅದನ್ನು ಮರೆತು ಹೊತ್ತಿಸಿ, ಆಲೆಮನೆಯ ತುಂಬ ಹೊಗೆ ತುಂಬಿಕೊಂಡು ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿಬಂದವರನ್ನು ನಾನು ಕಂಡಿದ್ದೇನೆ.